ರತ್ನಪಕ್ಷಿ ನೋಡಲು ಹೋದ ವರ್ತಕ

"ಗುರುಗಳೇ, ಒಳ್ಳೆಯವರ ಸಹವಾಸ ಬೇಕೆಂದು ಈ ಮಠಕ್ಕೆ ಬಂದೆ. ನನ್ನ ಕೋಣೆಗೆ ಸಿಕ್ಕವನು ಮರುಳಪ್ಪ. ಭಜನೆಗೆ ಕೂತರೆ ಅವನ ರಾಗ ಒಂದು ಕಡೆ, ತಾಳ ಒಂದು ಕಡೆ. ಒಳ್ಳೆಯವರು ಇರುವಲ್ಲಿಗೆ ನಾನು ಹೊರಟುಹೋಗಲೇ?" ಎಂದು ಶಿಷ್ಯ ಸೋಮಲಿಂಗ ಕೇಳಿದ. ಅವನ ಬಟ್ಟೆಯ ಗಂಟು ಆಗಲೇ ಬಾಗಿಲ ಬಳಿ ಇತ್ತು.

ಗುರುಗಳು ಗಂಟನ್ನು ನೋಡಿದರು. "ಹೋಗುವೆಯಂತೆ. ಒಂದು ಕತೆ ಕೇಳಿಕೊಂಡು ಹೋಗು" ಎಂದರು.

ಒಬ್ಬ ವರ್ತಕನಿದ್ದ. ಅವನಿಗೆ ಒಬ್ಬಳೇ ಮಗಳು. ಅದೇ ಊರಿನ ನೇಕಾರನೊಬ್ಬ ತನ್ನ ಮಗನಿಗೆ ಅವಳನ್ನು ಕೇಳಲು ಬಂದ. ಬರುವಾಗ ತಾನೇ ನೇಯ್ದ ಜರಿ ರುಮಾಲು ಸುತ್ತಿಕೊಂಡಿದ್ದ. ಹುಡುಗ ಒಳ್ಳೆಯವನು, ಮಗಳಿಗೂ ಅವನ ಮೇಲೆ ಮನಸ್ಸಿತ್ತು. ವರ್ತಕ ಮಾತ್ರ ರುಮಾಲನ್ನು ನೋಡಿ, "ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತಂತೆ" ಎಂದು ನಕ್ಕ. ನೇಕಾರ ತನ್ನ ಮುಂದೆ ತಂದಿಟ್ಟಿದ್ದ ಬೆಲ್ಲ ನೀರನ್ನು ಮುಟ್ಟದೆ ಎದ್ದುಹೋದ. ಮಗಳು ಒಳಗೆ ಕೂತು ಅತ್ತಳು.

ವರ್ತಕ ದೂರದ ಪಟ್ಟಣದಲ್ಲಿ ಶ್ರೀಮಂತರ ಮನೆಯೊಂದನ್ನು ಗೊತ್ತುಮಾಡಿಕೊಂಡ. ಮದುವೆಯ ಮಾತಿಗೆ ಹೊರಡುವ ಮುನ್ನ ರತ್ನಪಕ್ಷಿ ಕಂಡರೆ ಸಂಬಂಧ ಕೂಡಿಬರುತ್ತದೆ ಎಂದು ಹಿರಿಯರು ಹೇಳುವುದುಂಟು. ಅವನು ಆ ಹಕ್ಕಿಯನ್ನು ಕಂಡವನಲ್ಲ. ಹೆಸರು ಕೇಳಿಯೇ, ಅದರ ಮೈಯೆಲ್ಲ ಹೊಳೆಯುತ್ತಿರಬೇಕು ಎಂದುಕೊಂಡಿದ್ದ. ನಸುಕಿಗೇ ಮಗಳನ್ನು ಕರೆದುಕೊಂಡು ಹೊಲಗಳ ಕಡೆ ನಡೆದ.

ಮೊದಲ ಬೇಲಿಯಲ್ಲೇ ಒಂದು ಕೆಂಬೂತ ಕೂತಿತ್ತು. "ಒಳ್ಳೆ ಕೆಲಸಕ್ಕೆ ಹೊರಟರೆ ಈ ದರಿದ್ರದ್ದು ಅಡ್ಡ ಬರುತ್ತೆ" ಎಂದು ವರ್ತಕ ಹೆಂಟೆ ಎತ್ತಿ ಎಸೆದ. ಮಗಳು ಏನೋ ಹೇಳಲು ಹೋದಳು. "ಮಾತಾಡಬೇಡ, ಹಕ್ಕಿ ಬೆದರುತ್ತೆ!" ಎಂದು ಗದರಿದ. ಹೆಂಟೆ ಎಸೆಯುವವನಿಗೆ ಮಾತಿನ ಭಯ ನೋಡು.

ಗಿಳಿ ಬಂತು, ಮರಕುಟಿಗ ಬಂತು, ಮಿಂಚುಳ್ಳಿ ಬಂತು. ಯಾವುದೂ ಅವನ ರತ್ನವಲ್ಲ. ಆಗಾಗ ಯಾವುದಾದರೊಂದು ಬೇಲಿಯಲ್ಲಿ ಕೆಂಬೂತ ಕಾಣಿಸಿಕೊಳ್ಳುತ್ತಿತ್ತು. ಅವನೂ ಬಿಡದೆ ಓಡಿಸಿದ. ಸಂಜೆಯಾಯಿತು. ಉಪವಾಸದಿಂದ ಸೋತು ಬದುವಿನ ಮೇಲೆ ಕುಸಿದು ಕೂತ.

ಹಕ್ಕಿ ಕಾಣದಿದ್ದರೆ ಅಪ್ಪ ಪಟ್ಟಣಕ್ಕೆ ಹೋಗುವುದಿಲ್ಲ, ಕಂಡರೆ ತನ್ನ ಬಾಳು ಅಲ್ಲಿಗೇ ನಿಶ್ಚಯವಾಗುತ್ತದೆ ಎಂದು ಮಗಳಿಗೆ ತಿಳಿದಿತ್ತು. ಸುಮ್ಮನಿದ್ದರೆ ಅವಳಿಗೇ ಲಾಭ. ಆದರೆ ಅಪ್ಪನ ಬಾಡಿದ ಮುಖ ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಅಪ್ಪಾ, ಬೆಳಗಿಂದ ನೀನು ಹೊಡೆದು ಓಡಿಸ್ತಿದ್ದೀಯಲ್ಲ, ಅದೇ ರತ್ನಪಕ್ಷಿ. ಅಜ್ಜಿ ನಂಗೆ ತೋರಿಸಿದ್ದಳು. ಬೈಯೋವಾಗ ಕೆಂಬೂತ ಅಂತೀವಿ, ಕೈಮುಗಿಯೋವಾಗ ರತ್ನಪಕ್ಷಿ ಅಂತೀವಿ. ಹಕ್ಕಿ ಒಂದೇ."

ಬೇಲಿಯ ಬುಡದಲ್ಲಿ ಹಕ್ಕಿ ನಡೆದು ಬರುತ್ತಿತ್ತು. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ. ಕಣ್ಣು ಮಾತ್ರ ಕೆಂಪು ಹರಳು. ಇಡೀ ದಿನ ಅವನು ಅದರ ಕಣ್ಣನ್ನೇ ನೋಡಿರಲಿಲ್ಲ. ಕೈಮುಗಿಯಲು ಹೋದವನಿಗೆ, ತಾನು ಕೆಂಬೂತ ಎಂದು ಹೀಯಾಳಿಸಿದ್ದ ಇನ್ನೊಬ್ಬನ ನೆನಪಾಯಿತು. ಎದ್ದವನೇ ಮಗಳ ಕೈ ಹಿಡಿದು ನೇರವಾಗಿ ನೇಕಾರನ ಮನೆಗೆ ನಡೆದ.

"ಏನು ಸಾಹುಕಾರರು ಕೆಂಬೂತದ ಗೂಡಿಗೆ ಬಂದುಬಿಟ್ಟಿರಿ?" ಎಂದು ನೇಕಾರ ಹೊಸ್ತಿಲಲ್ಲೇ ನಿಂತು ಕೇಳಿದ.

"ತಪ್ಪಾಯ್ತಪ್ಪ. ಶಕುನ ನೋಡಿಕೊಂಡೇ ಬಂದಿದ್ದೀನಿ. ಬೆಲ್ಲ ನೀರು ಕೊಡು" ಎಂದ ವರ್ತಕ. ನೇಕಾರ ಹೊಸ್ತಿಲಿನಿಂದ ಸರಿದು ದಾರಿ ಬಿಟ್ಟ. ಆಮೇಲೆ ಒಳಗೆ ಹೋಗಿ ಬೆಲ್ಲ ನೀರು ತಂದ.

ಗುರುಗಳು ಕತೆ ಮುಗಿಸಿದರು. "ಕತೆ ಚೆನ್ನಾಗಿದೆ, ಬರುತ್ತೇನೆ" ಎಂದು ಸೋಮಲಿಂಗ ಗಂಟಿಗೆ ಕೈ ಹಾಕಿದ.

"ಹೊರಡುವ ಮೊದಲು ಒಂದು ಹೇಳಿ ಹೋಗಪ್ಪ, ಮರುಳಪ್ಪನನ್ನು ಬೈಯುವಾಗ ನೀನು ಕರೆಯುವ ಅಡ್ಡಹೆಸರು ಏನು?"