ಕೂಗದ ಪೆಟ್ಟಿಗೆ

"ಗುರುಗಳೇ, ತಲೆಬುಡವಿಲ್ಲದ ಆಜ್ಞೆ ಬಂದಾಗ ಸಿಟ್ಟಾಗುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಅವನು ಮಠದ ಅಡುಗೆಮನೆ ನೋಡಿಕೊಳ್ಳುವವನು. ದಿನಕ್ಕೆ ಇನ್ನೂರು ಮಕ್ಕಳು ಅಲ್ಲಿ ಉಣ್ಣುತ್ತಿದ್ದರು. ಬೆಂಕಿ ಆರಿಸುವ ಸಿಲಿಂಡರು ತೂಗುಹಾಕಬೇಕೆಂದು ಆಜ್ಞೆ ಬಂದಿತ್ತು. ಸಿನಿಮಾ ಟಾಕೀಸಿಗೂ ಅದೇ, ಮಕ್ಕಳಿಗೆ ಅನ್ನ ಬೇಯಿಸುವ ಮನೆಗೂ ಅದೇ, ಬೆಲೆ ಕೇಳಿದರೆ ಎದೆ ಒಡೆಯುತ್ತದೆ ಎಂದು ಅವನು ಕುದಿಯುತ್ತಿದ್ದ. ಹೇಗೋ ತೂಗುಹಾಕಿಯೂ ಆಗಿತ್ತು. ಅಧಿಕಾರಿ ಬಂದು ನೋಡಿ ಸಹಿ ಹಾಕಿ ಹೋಗಿಯೂ ಆಗಿತ್ತು. ಸಿಟ್ಟು ಮಾತ್ರ ಇಳಿದಿರಲಿಲ್ಲ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ತೆಗೆದರು.

ಒಂದೂರಿನಲ್ಲಿ ಒಬ್ಬ ಪೈಲಟ್ ಇದ್ದನಂತೆ. ಅವನದು ಇಬ್ಬರೇ ಕೂರುವ ಪುಟ್ಟ ವಿಮಾನ. ಇಪ್ಪತ್ತು ವರ್ಷ ಬೇರೆಯವರ ವಿಮಾನ ಹಾರಿಸಿ, ಉಳಿಸಿದ್ದನ್ನೆಲ್ಲ ಸುರಿದು ಅದನ್ನು ಕೊಂಡಿದ್ದ. ಹಾರುವ ಮೊದಲು ಅದರ ಸುತ್ತ ಒಂದು ಸುತ್ತು ಬರುತ್ತಿದ್ದ. ರೆಕ್ಕೆಯಡಿಯಿಂದ ಒಂದು ಲೋಟ ಪೆಟ್ರೋಲು ಬಸಿದು, ಬೆಳಕಿಗೆ ಹಿಡಿದು, ನೀರು ಸೇರಿದೆಯೇ ಎಂದು ನೋಡುತ್ತಿದ್ದ. ಒಂದು ದಿನವೂ ತಪ್ಪಿಸಿದವನಲ್ಲ. ಜೀವದ ಬೆಲೆ ಗೊತ್ತಿದ್ದ ಮನುಷ್ಯ.

ಆಜ್ಞೆಗಳು ಬರುತ್ತಲೇ ಇದ್ದವು. ರೇಡಿಯೊ ಇಡು ಎಂದರು, ಇಟ್ಟ. ಅದು ಸರಿಯಾದ ಮಾತೇ. ಆಮೇಲೆ ಸೀಟಿನ ಬೆಲ್ಟುಗಳಿಗೆ ವಯಸ್ಸಾಯಿತು, ತೆಗೆದು ಹೊಸದು ಹಾಕು ಎಂದರು. ಬೆಲ್ಟಿನಲ್ಲಿ ಒಂದು ಎಳೆಯೂ ಬಿಟ್ಟಿರಲಿಲ್ಲ. ಗೊಣಗುತ್ತಲೇ ಹಾಕಿಸಿದ. ಹಳೆಯ ಬೆಲ್ಟಿನಲ್ಲಿ ಮಗಳಿಗೆ ಬೇವಿನ ಮರಕ್ಕೆ ಉಯ್ಯಾಲೆ ಕಟ್ಟಿದ. ಮಗಳು ಅದರಲ್ಲಿ ಆಡಿ ಆಡಿ ದೊಡ್ಡವಳಾದಳು, ಉಯ್ಯಾಲೆ ಹರಿಯಲಿಲ್ಲ. ಅದು ಕಣ್ಣಿಗೆ ಬಿದ್ದಾಗೆಲ್ಲ ಅವನ ಮೈ ಉರಿಯುತ್ತಿತ್ತು.

ಕಡೆಗೆ ಪೆಟ್ಟಿಗೆಯ ಆಜ್ಞೆ ಬಂತು. ವಿಮಾನ ಬಿದ್ದರೆ ಆ ಏಟಿಗೆ ತಾನಾಗಿ ಎಚ್ಚೆತ್ತು ಕೂಗುವ ಪೆಟ್ಟಿಗೆ. ಅದರ ಕೂಗು ಆಕಾಶಕ್ಕೆ ಹೋಗಿ, ಹುಡುಕುವವರಿಗೆ ಬಿದ್ದ ಜಾಗ ತಿಳಿಯುತ್ತದೆ. ಬೆಲೆ, ಅವನ ವಿಮಾನದ ಬೆಲೆಯಲ್ಲಿ ಮೂರನೆಯ ಒಂದು ಪಾಲು.

ಪೈಲಟ್ ಕಚೇರಿಗೆ ಮೂರು ಸಲ ಅಲೆದ. ಎರಡು ಸಲ ನಾಳೆ ಬಾ ಎಂದು ಕಳಿಸಿದರು. ಮೂರನೆಯ ಸಲ ಅಧಿಕಾರಿ ಸಿಕ್ಕಿದ. ತಲೆ ಎತ್ತದೆ, ಬರೆಯುತ್ತಲೇ ಮಾತಾಡಿದ.

"ಮುನ್ನೂರು ಜನರ ವಿಮಾನಕ್ಕೆ ಒಂದು ಕಾನೂನು, ನಿನ್ನ ಸೊಳ್ಳೆಗೆ ಇನ್ನೊಂದು ಕಾನೂನು ಮಾಡಲಿಕ್ಕಾಗುತ್ತದೆಯೇನಯ್ಯಾ?"

ಸೊಳ್ಳೆ ಎಂಬ ಮಾತು ಪೈಲಟ್‌ನ ಕಿವಿಯಲ್ಲಿ ಹೊಕ್ಕು ಕೂತಿತು. ದಾರಿಯುದ್ದಕ್ಕೂ ಅದು ಗುಂಯ್‌ಗುಟ್ಟಿತು. ಮನೆಗೆ ಬಂದು ಊಟ ಮಾಡಲಿಲ್ಲ. ನೇರ ಶೆಡ್ಡಿಗೆ ಹೋಗಿ ತನ್ನ ಮೆಕ್ಯಾನಿಕ್ ಮಸ್ತಾನನನ್ನು ಕರೆದ. ಗುಜರಿಗೆ ಹೋದ ಒಂದು ವಿಮಾನದ ಪೆಟ್ಟಿಗೆ ಅಲ್ಲಿ ಮೂಲೆಯಲ್ಲಿ ಬಿದ್ದಿತ್ತು. ಒಳಗಿನದನ್ನೆಲ್ಲ ಯಾರೋ ಕಿತ್ತುಕೊಂಡು ಹೋಗಿದ್ದರು. ಹೊರಗೆ ನಂಬರಿನ ಫಲಕ ಇತ್ತು, ಒತ್ತುವ ಗುಂಡಿಯೂ ಇತ್ತು. ಅದಕ್ಕೆ ಬಣ್ಣ ಬಳಿದು ಸೀಟಿನ ಹಿಂದೆ ಕೂರಿಸು ಎಂದ.

"ಯಜಮಾನರೇ, ಹೊಟ್ಟೆಯಲ್ಲಿ ಏನೂ ಇಲ್ಲದ್ದು ಕೂಗುವುದು ಹೇಗೆ?" ಎಂದ ಮಸ್ತಾನ್.

"ಅವರಿಗೆ ಬೇಕಾದದ್ದು ಪೆಟ್ಟಿಗೆ ಕಣಯ್ಯ, ಕೂಗಲ್ಲ. ನೋಡ್ತಾ ಇರು."

ಹಾಗೇ ಆಯಿತು. ಅಧಿಕಾರಿ ಬಂದ, ಬಗ್ಗಿ ಟಾರ್ಚು ಬಿಟ್ಟ, ಫಲಕದ ನಂಬರು ಬರೆದುಕೊಂಡ, ಚಹಾ ಕುಡಿದು ಸಹಿ ಹಾಕಿ ಹೋದ. ಪೆಟ್ಟಿಗೆಯನ್ನು ಮುಟ್ಟಿಯೂ ನೋಡಲಿಲ್ಲ.

ಪೈಲಟ್ ಈ ಕತೆಯನ್ನು ಆಪ್ತರ ಮುಂದೆಲ್ಲ ಹೇಳಿದ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಿಸಿದಷ್ಟೂ ಅವನ ಸಿಟ್ಟಿಗೆ ಮೈ ಬಂತು. ವರ್ಷ ಕಳೆದ ಹಾಗೆ ಅಧಿಕಾರಿಯನ್ನು ಮಂಗ ಮಾಡಿದ್ದಷ್ಟೇ ಅವನಿಗೆ ನೆನಪಿತ್ತು. ಪೆಟ್ಟಿಗೆ ಖಾಲಿ ಎಂಬುದು ಮರೆತಂತೆಯೇ ಆಗಿತ್ತು.

ಮಗಳು ಇಂದುಮತಿ ಅವನಿಂದಲೇ ಹಾರುವುದು ಕಲಿತಳು. ಅಪ್ಪನ ಹಾಗೆಯೇ ವಿಮಾನಕ್ಕೆ ಸುತ್ತು ಬರುವಳು, ಅಪ್ಪನ ಹಾಗೆಯೇ ಪೆಟ್ರೋಲು ಬಸಿದು ನೋಡುವಳು. ಲೈಸೆನ್ಸು ಬಂದ ಮೇಲೆ ಒಂದು ಬೆಳಿಗ್ಗೆ ಒಬ್ಬಳೇ ಗುಡ್ಡಸಾಲಿನ ಆಚೆಯ ಊರಿಗೆ ಹೊರಟಳು. ಅವಳ ವಿಮಾನ ಆ ಊರು ಮುಟ್ಟಲಿಲ್ಲ.

ಮಧ್ಯಾಹ್ನಕ್ಕೆ ಎಲ್ಲರೂ ಸೇರಿದರು. ಅದೇ ಅಧಿಕಾರಿ ಬಂದ. ಆ ಹೊತ್ತಿಗೆ ಅವನೂ ಒಬ್ಬ ಮನುಷ್ಯನಂತೆ ಮೃದುವಾಗಿ ಮಾತಾಡಿದ. ಕಾಗದ ತೆರೆದು ನೋಡಿ, ಸದ್ಯ, ಪೆಟ್ಟಿಗೆ ಇದೆ ಎಂದ. ಅದು ಕೂಗಿಲ್ಲವಾದ್ದರಿಂದ ವಿಮಾನ ಬಿದ್ದಿಲ್ಲ, ಹುಡುಗಿ ಎಲ್ಲೋ ಬಯಲಲ್ಲಿ ಕ್ಷೇಮವಾಗಿ ಇಳಿಸಿದ್ದಾಳೆ, ಹೆದರಬೇಡಿ ಎಂದ. ಕಾಡಿಗೆ ಹೊರಟಿದ್ದ ಜೀಪುಗಳನ್ನು ಬಯಲ ಕಡೆಗೆ ತಿರುಗಿಸಿದ. ತಾಯಿ ಕಣ್ಣೊರೆಸಿಕೊಂಡು ದೇವರಿಗೆ ಕೈಮುಗಿದಳು, ಒಂದು ತುತ್ತು ಉಂಡಳು.

ಪೈಲಟ್‌ನ ಕಣ್ಣಮುಂದೆ ಆ ಖಾಲಿ ಪೆಟ್ಟಿಗೆ ಬಂತು. ಹೇಳಿದರೆ ಲೈಸೆನ್ಸು ಹೋಗುತ್ತದೆ. ಅದು ಹೋಗಲಿ, ಹೆಂಡತಿಯ ಮುಖ ನೋಡುವುದು ಹೇಗೆ? ಒಂದು ವೇಳೆ ಅಧಿಕಾರಿಯ ಮಾತೇ ನಿಜವಾಗಿ, ಮಗಳು ನಿಜವಾಗಿಯೂ ಇಳಿಸಿದ್ದರೆ? ಹಾಗಂದುಕೊಂಡು ಅವನೂ ಜೀಪು ಹತ್ತಿದ. ಮಗಳು ಅಲ್ಲಿಲ್ಲ ಎಂದು ಒಳಗೊಳಗೇ ತಿಳಿದಿದ್ದೂ ಕತ್ತಲಾಗುವವರೆಗೆ ಬಯಲು ಸುತ್ತಿದ.

ಮರುದಿನ ಬೆಳಿಗ್ಗೆ ಅಧಿಕಾರಿಯ ಮುಂದೆ ಹೋಗಿ ನಿಂತ.

"ಪೆಟ್ಟಿಗೆ ಖಾಲಿ," ಎಂದ.

ಅಧಿಕಾರಿ ಅಂದು ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದ. ಆಮೇಲೆ ಜೀಪುಗಳು ಕಾಡಿಗೆ ತಿರುಗಿದವು.

ಜೇನು ಕೀಳುವವರು ದಾರಿ ತೋರಿಸಿದರು. ಮೂರನೆಯ ದಿನ ಸಿಕ್ಕಿದಳು. ಜೀವವಿತ್ತು. ಮುರಿದ ಕಾಲು ಮಾತ್ರ ಕಪ್ಪಿಟ್ಟಿತ್ತು. ಒಂದು ದಿನ ಮೊದಲು ತಂದಿದ್ದರೆ ಕಾಲು ಉಳಿಯುತ್ತಿತ್ತು ಎಂದು ಡಾಕ್ಟರು ಹೇಳಿದರು.

ಆಸ್ಪತ್ರೆಯಲ್ಲಿ ಅಪ್ಪ ಮಗಳ ಕೈ ಹಿಡಿದುಕೊಂಡ. ಅವಳ ಹೆಬ್ಬೆರಳು ಬಾತು ಸಿಪ್ಪೆ ಎದ್ದಿತ್ತು. ಬೆರಳಿಗೇನಾಯಿತಮ್ಮ ಎಂದು ಕೇಳಿದ.

"ಪೆಟ್ಟಿಗೆ ತಾನಾಗಿ ಕೂಗದಿದ್ದರೆ ಗುಂಡಿ ಒತ್ತಿ ಅಂತ ಅದರ ಮೇಲೆ ಬರೆದಿತ್ತಲ್ಲಪ್ಪ. ತೆವಳಿಕೊಂಡು ಹೋಗಿ ಒತ್ತಿದೆ. ಎಚ್ಚರವಿದ್ದಷ್ಟು ಹೊತ್ತೂ ಒತ್ತುತ್ತಲೇ ಇದ್ದೆ. ಯಾಕಪ್ಪ ಯಾರಿಗೂ ಕೇಳಿಸಲಿಲ್ಲ?"

ಅಪ್ಪ ಆ ಹೆಬ್ಬೆರಳನ್ನು ತನ್ನ ಹಣೆಗೆ ಒತ್ತಿಕೊಂಡ. ಸೊಳ್ಳೆ ಎಂದವನನ್ನು ಬೈಯಲು ಹುಡುಕಿದರೂ ಅವನಲ್ಲಿ ಒಂದು ಮಾತೂ ಉಳಿದಿರಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯನ ಮುಖ ಕೆಂಪಾಗಿತ್ತು. "ಗುರುಗಳೇ, ಆ ಅಧಿಕಾರಿ ಪೆಟ್ಟಿಗೆಯನ್ನು ಒಂದು ಸಲ ಎತ್ತಿ ನೋಡಬಾರದಿತ್ತೇ? ಬಡವನ ಕೈಗೆಟುಕದ ಬೆಲೆ ಇಟ್ಟವರದು ತಪ್ಪಲ್ಲವೇ? ಅವರ ಮೇಲೆ ಸಿಟ್ಟಾಗಬಾರದೇ?"

"ಆಗಬೇಕು, ಅವರೆಲ್ಲರದೂ ತಪ್ಪೇ," ಎಂದರು ಗುರುಗಳು. "ಮೊದಲು ನೀನು ಅಡುಗೆಮನೆಯಲ್ಲಿ ತೂಗುಹಾಕಿರುವ ಸಿಲಿಂಡರನ್ನು ಇಲ್ಲಿಗೆ ಎತ್ತಿಕೊಂಡು ಬಾ, ಎಷ್ಟು ಭಾರವಿದೆ ನೋಡೋಣ."

ಶಿಷ್ಯ ಕೂತಲ್ಲಿಂದ ಏಳಲಿಲ್ಲ.