ಬಾಣಂತಿ ಕೇಳಿದ ನೀರು

"ಮೇಡಂ, ತಾಯಿ-ಮಗುವಿನ ವಾರ್ಡಿನಲ್ಲಿ ನರ್ಸ್‌ಗೆ ಹಲವು ಪಾತ್ರಗಳಿವೆ ಅಂತ ಪಾಠದಲ್ಲಿದೆ. ಆರೈಕೆ ಮಾಡುವವಳು, ತಿಳಿಹೇಳುವವಳು, ತಾಯಿಯ ಪರವಾಗಿ ನಿಲ್ಲುವವಳು. ಇವುಗಳಲ್ಲಿ ಮೊದಲನೆಯದು ಯಾವುದು?"

ಕೇಳಿದವಳು ಶಿಲ್ಪಶ್ರೀ, ನರ್ಸಿಂಗ್ ಓದುತ್ತಿದ್ದ ಹುಡುಗಿ. ಕೇಳಿಸಿಕೊಂಡವರು ಅವಳ ಗುರು ಜೆಸಿಂತಾ ಮೇಡಂ. ಅವರು ಯಾವುದಾದರೂ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟದ್ದು ಆ ಕಾಲೇಜಿನಲ್ಲಿ ಯಾರಿಗೂ ನೆನಪಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಹೆರಿಗೆ ಆಸ್ಪತ್ರೆ ಇತ್ತು. ಅಲ್ಲಿ ಕೆಲಸವನ್ನು ಬಹಳ ಶಾಸ್ತ್ರೋಕ್ತವಾಗಿ ಹಂಚಿದ್ದರು. ಒಬ್ಬ ನರ್ಸ್ ಇಂಜೆಕ್ಷನ್ ಕೊಡುತ್ತಿದ್ದಳು. ಇನ್ನೊಬ್ಬಳು ಕೂಸುಗಳನ್ನು ನೋಡಿಕೊಳ್ಳುತ್ತಿದ್ದಳು. ಮತ್ತೊಬ್ಬಳು ತಾಯಂದಿರಿಗೆ ತಿಳಿವಳಿಕೆ ಹೇಳುತ್ತಿದ್ದಳು. ಒಬ್ಬಳ ಕೆಲಸಕ್ಕೆ ಇನ್ನೊಬ್ಬಳು ಕೈಹಾಕುವುದು ಅಶಿಸ್ತು. ಹೀಗಾಗಿ ಮೂವರೂ ನೆಮ್ಮದಿಯಾಗಿದ್ದರು. ತನ್ನ ಪಾಲಿಗೆ ಬಾರದ್ದನ್ನು ಉಳಿದಿಬ್ಬರು ನೋಡಿಕೊಳ್ಳುತ್ತಾರೆ ಎಂದು ಪ್ರತಿಯೊಬ್ಬಳೂ ನಂಬಿದ್ದಳು.

ಕತೆ ಇರುವುದು ತಿಳಿವಳಿಕೆ ಹೇಳುವವಳ ಬಗ್ಗೆ. ಅವಳು ಒಳ್ಳೆಯ ನರ್ಸ್. ಓದಿದ್ದನ್ನು ಪರೀಕ್ಷೆ ಮುಗಿದ ಮೇಲೂ ಮರೆತಿರಲಿಲ್ಲ. ಅವಳಿಗೆ ಹಿಡಿಸಿದ್ದ ಸಿದ್ಧಾಂತ ಒಂದಿತ್ತು: ಬಾಣಂತಿಯ ಮನೆಯವರ ಪದ್ಧತಿಗಳನ್ನು ಹೀಗಳೆಯಬೇಡ, ಕೆಡುಕಿಲ್ಲದ್ದನ್ನು ಹಾಗೇ ಇರಗೊಡು, ಕೆಡುಕಾದದ್ದನ್ನು ನಯವಾಗಿ ಬದಲಿಸು. ಎಷ್ಟು ಸೊಗಸಾದ ಮಾತು ಎಂದು ಅವಳಿಗೆ ಅನ್ನಿಸುತ್ತಿತ್ತು. ಅದು ಸೊಗಸಾದ ಮಾತೇ.

ಆ ಊರಿನ ಕಡೆ ಬಾಣಂತಿಗೆ ನೀರು ಕೊಡುತ್ತಿರಲಿಲ್ಲ. ಕೊಟ್ಟರೆ ಹೊಟ್ಟೆ ಇಳಿಯುವುದಿಲ್ಲ, ಕೂಸಿಗೆ ಶೀತವಾಗುತ್ತದೆ ಎಂದು ಹೇಳುತ್ತಿದ್ದರು. ನಮ್ಮ ನರ್ಸ್ ಕೆಲಸಕ್ಕೆ ಬಂದ ದಿನದಿಂದಲೂ ಈ ಪದ್ಧತಿಯ ಮೇಲೆ ಯುದ್ಧ ಸಾರಿದ್ದಳು. ಹಾಸಿಗೆಯಿಂದ ಹಾಸಿಗೆಗೆ ಹೋಗಿ ಅತ್ತೆಯಂದಿರ ಜೊತೆ ವಾದಿಸಿದ್ದಳು. ಅವರು ತಲೆಯಾಡಿಸುತ್ತಿದ್ದರು. ಅವಳು ಅತ್ತ ತಿರುಗಿದ ಕೂಡಲೇ ಲೋಟವನ್ನು ಮಂಚದ ಕೆಳಗೆ ತಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಒಬ್ಬಳಿಗೆ ಹೆರಿಗೆಯಾಯಿತು. ಹೆಣ್ಣುಮಗು, ಗಟ್ಟಿಯಾಗಿ ಅತ್ತಿತು. ತಾಯಿಯನ್ನು ವಾರ್ಡಿಗೆ ತಂದು ಮಲಗಿಸಿದರು. ಇಂಜೆಕ್ಷನ್ನಿನವಳು ಇಂಜೆಕ್ಷನ್ ಕೊಟ್ಟು ಹೋದಳು. ಕೂಸು ನೋಡುವವಳು ಕೂಸನ್ನು ನೋಡಿ ಹೋದಳು. ಅತ್ತೆ ಬಂದು ಸೊಸೆಯ ಹೊಟ್ಟೆಗೆ ಹಳೇ ಸೀರೆ ಬಿಗಿದಳು, ಕಿವಿಗೆ ಹತ್ತಿ ಇಟ್ಟಳು, ಕತ್ತಿನಿಂದ ಕಾಲ ಬೆರಳ ತನಕ ಕಪ್ಪು ಕಂಬಳಿ ಹೊದಿಸಿ ಅಂಚುಗಳನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿದಳು. ಆಮೇಲೆ ಸ್ಟೂಲಿನ ಮೇಲೆ ಕೂತು, ಬಿಸಿನೀರಿನ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡಳು. ಆ ಬಿಸಿನೀರು ಅವಳ ಕಾಫಿಗೆ.

"ನೀರು," ಎಂದಳು ಬಾಣಂತಿ.

ನರ್ಸ್ ಬಾಗಿಲಲ್ಲೇ ಇದನ್ನು ಕೇಳಿದಳು. ಅವಳ ಹೆಜ್ಜೆ ಚುರುಕಾಯಿತು. ಹೆರಿಗೆಯಾದವಳಿಗೆ ಬಾಯಾರಿಕೆ ಏಕಾಗುತ್ತದೆ ಎಂಬುದಕ್ಕೆ ಹಲವು ಕಾರಣಗಳನ್ನು ಅವಳು ಓದಿದ್ದಳು. ಆದರೆ ಹುಡುಕುವ ಅಗತ್ಯ ಕಾಣಲಿಲ್ಲ. ಕಾರಣ ಫ್ಲಾಸ್ಕ್ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಿತ್ತು.

ಅವಳು ಹಾಸಿಗೆಯ ಬಳಿ ನಿಂತು, ಮೊದಲು ಕಂಬಳಿಯನ್ನು ನೋಡಿದಳು. ಇದು ಕೆಡುಕಿಲ್ಲದ್ದು, ಇರಲಿ ಎಂದುಕೊಂಡಳು. ಫ್ಲಾಸ್ಕನ್ನು ನೋಡಿದಳು. ಇದು ಬದಲಿಸಬೇಕಾದದ್ದು. ಸಿದ್ಧಾಂತ ಅವಳ ಕಣ್ಣೆದುರು ಇಷ್ಟು ಅಚ್ಚುಕಟ್ಟಾಗಿ ಎಂದೂ ಬಂದು ನಿಂತಿರಲಿಲ್ಲ.

"ಎಷ್ಟು ಚೆನ್ನಾಗಿ ಹೊದಿಸಿದ್ದೀರಮ್ಮ. ಸೊಸೆಗೆ ಬೆಚ್ಚಗಿದೆ."

"ಹೊಗಳಿಕೆಯೆಲ್ಲ ಬೇಡ ಸಿಸ್ಟರವ್ವ, ನೀನು ಯಾತಕ್ಕೆ ಬಂದಿದೀಯ ಅಂತ ನಂಗೊತ್ತು," ಎಂದಳು ಅತ್ತೆ. "ನೀರಿನ ವಿಷಯ ತಾನೆ? ಆ ಕೊನೇ ಮಂಚದೋಳು ಆಗ್ಲೇ ಹೇಳಿದ್ಲು, ಇಲ್ಲೊಬ್ಳು ನೀರಿನ ಸಿಸ್ಟರು ಇದಾಳೆ ಅಂತ."

ಕೊನೆಯ ಮಂಚದ ಕಡೆಯಿಂದ ನಗು ಕೇಳಿಸಿತು. ನರ್ಸ್ ತಾನೂ ನಕ್ಕಳು. ಎದುರಾಡಬಾರದು, ಪ್ರಶ್ನೆ ಕೇಳಬೇಕು.

"ಅಮ್ಮಾ, ಹಾಲು ಕರೆಯೋ ಹಸುವಿಗೆ ನೀವು ನೀರು ಕೊಡಲ್ವಾ?"

"ಅಯ್ಯೋ! ನನ್ನ ಸೊಸೇನ ಹಸು ಅಂತೀಯಲ್ಲೇ! ಅವರಪ್ಪ ಕೇಳಿಸ್ಕೊಂಡ್ರೆ ನಿನ್ನ ಸುಮ್ನೆ ಬಿಡ್ತಾನಾ?" ಅತ್ತೆ ಸುತ್ತಲಿನ ಮಂಚಗಳ ಕಡೆ ತಿರುಗಿ ನೋಡಿದಳು, ಎಲ್ಲರೂ ಕಿವಿಗೊಟ್ಟಿದ್ದರು. "ನೀನು ಎಷ್ಟು ಹೆತ್ತಿದೀಯವ್ವ?"

"ಇನ್ನೂ ಮದುವೆ ಆಗಿಲ್ಲ."

"ಸರಿಹೋಯ್ತು. ನಾನು ನಾಲ್ಕು ಹೆತ್ತೆ. ಒಂದಕ್ಕೂ ನೀರು ಮುಟ್ಟಲಿಲ್ಲ. ಬದುಕಿಲ್ವಾ?"

"ನೀರು," ಎಂದಳು ಬಾಣಂತಿ.

ಅವಳ ಧ್ವನಿ ಮೊದಲಿಗಿಂತ ಸಣ್ಣಗಾಗಿತ್ತು. ನರ್ಸ್‌ಗೆ ಅದು ಸಾಕ್ಷಿಯಾಗಿ ಒದಗಿತು. "ಕೇಳಿಸಿಕೊಂಡಿರಾ? ಮಾತಾಡಲೂ ಆಗ್ತಿಲ್ಲ, ಅಷ್ಟು ಬಾಯಿ ಒಣಗಿದೆ," ಎಂದು ಅತ್ತೆಗೆ ಹೇಳಿದಳು. ಅತ್ತೆ ಸ್ವಲ್ಪ ಅಳುಕಿದ್ದನ್ನು ಅವಳು ಗಮನಿಸಿದಳು. ಬಾಣಂತಿ ಆಕಳಿಸಿದ್ದನ್ನೂ ಗಮನಿಸಿದಳು. ಪಾಪ, ದಣಿದಿದ್ದಾಳೆ ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ಬಾಣಂತಿ ಮತ್ತೆ ಆಕಳಿಸಿದಳು. ಕಂಬಳಿಯೊಳಗೆ ಕಾಲುಗಳು ನಿಲ್ಲದೆ ಅತ್ತಿತ್ತ ಹೊರಳುತ್ತಿದ್ದವು. ಆದರೆ ವಾದ ಸೋಲು-ಗೆಲುವಿನ ಘಟ್ಟದಲ್ಲಿತ್ತು. ಅಂಥ ಹೊತ್ತಿನಲ್ಲಿ ಎದುರಾಳಿಯ ಮೇಲಿಂದ ಕಣ್ಣು ತೆಗೆಯುವುದು ಕಷ್ಟ.

"ನೀವು ತಣ್ಣೀರು ಕೊಡಬೇಕಾಗಿಲ್ಲ," ಎಂದಳು ನರ್ಸ್. "ನಿಮ್ಮ ಫ್ಲಾಸ್ಕಿನದೇ ಕೊಡಿ. ಕಾದ ನೀರು ಶೀತ ಮಾಡುತ್ತಾ? ನೀವೇ ಹೇಳಿ."

ಅತ್ತೆ ಯೋಚಿಸಿದಳು. ಅವಳ ಕಟ್ಟಳೆಯಲ್ಲಿ ಕಾದ ನೀರಿನ ಬಗ್ಗೆ ಸ್ಪಷ್ಟವಾಗಿ ಏನೂ ಇರಲಿಲ್ಲ.

"ಒಂದು ಚಿಟಿಕೆ ಜೀರಿಗೆ ಹಾಕಿದ್ರೆ..." ಎಂದಳು.

"ಹಾಕಿ. ತುಂಬ ಒಳ್ಳೇದು."

"ನೀರು," ಎಂದಿತು ಬಾಣಂತಿಯ ಬಾಯಿ. ಶಬ್ದ ಬರಲಿಲ್ಲ.

ಅತ್ತೆ ಚೀಲದಿಂದ ಜೀರಿಗೆಯ ಪೊಟ್ಟಣ ಹುಡುಕಿ ತೆಗೆದಳು. ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ಬಿಚ್ಚಿದಳು. ಲೋಟಕ್ಕೆ ನೀರು ಬಗ್ಗಿಸಿ, ಜೀರಿಗೆ ಉದುರಿಸಿ, ಆರಲೆಂದು ಎರಡು ಲೋಟಗಳ ನಡುವೆ ಎತ್ತರದಿಂದ ಹೊಯ್ದಳು. ನರ್ಸ್ ಕೈಕಟ್ಟಿ ನೋಡುತ್ತ ನಿಂತಳು. ಅವಳ ಎದುರು ಒಬ್ಬ ಅತ್ತೆ ಸೋತದ್ದು ಅದೇ ಮೊದಲು. ಗುರಿ ಮುಟ್ಟಿತ್ತು. ನಾಳೆ ಕೊನೆಯ ಮಂಚದವಳ ಸರದಿ ಎಂದು ಅವಳು ಮನಸ್ಸಿನಲ್ಲೇ ಮುಂದಿನ ಗುರಿಯನ್ನೂ ಇಟ್ಟುಕೊಂಡಳು.

ಅತ್ತೆ ಸೊಸೆಯ ತಲೆ ಎತ್ತಿ ಕುಡಿಸಿದಳು. ಬಾಣಂತಿ ಒಂದೇ ಉಸಿರಿಗೆ ಕುಡಿದಳು. "ಇನ್ನೂ" ಎಂಬಂತೆ ನೋಡಿದಳು. ಇನ್ನೊಂದು ಲೋಟ ಕೊಟ್ಟರು. ಅದನ್ನೂ ಕುಡಿದಳು. ಮತ್ತೆ ಬೇಕೆಂದು ಕಂಬಳಿಯಿಂದ ಕೈ ಹೊರಗೆ ಚಾಚಿದಳು.

"ನೋಡಿದಿರಾ ಅಮ್ಮ, ಎಷ್ಟು ಬೇಕಾಗಿತ್ತು ಅಂತ!" ಎನ್ನುತ್ತ ನರ್ಸ್ ತಾನೇ ಲೋಟವನ್ನು ಆ ಕೈಯಲ್ಲಿಟ್ಟು, ಬೆರಳುಗಳನ್ನು ಅದರ ಸುತ್ತ ಮಡಿಸಲು ಹೋದಳು.

ಬೆರಳುಗಳು ತಣ್ಣಗಿದ್ದವು. ಒದ್ದೆಯಾಗಿದ್ದವು. ಲೋಟ ಹಿಡಿಯಲಿಲ್ಲ.

ಲೋಟ ನೆಲಕ್ಕೆ ಬಿದ್ದು ಉರುಳಿತು. ನರ್ಸ್ ಮಣಿಕಟ್ಟಿನಲ್ಲಿ ನಾಡಿ ಹುಡುಕಿದಳು. ಸಿಕ್ಕಿತು, ಆದರೆ ಎಣಿಸಲಾಗದಷ್ಟು ವೇಗವಾಗಿ, ದಾರದಷ್ಟು ತೆಳ್ಳಗೆ ಓಡುತ್ತಿತ್ತು. ಆಗ ಅವಳು, ಆ ಮಧ್ಯಾಹ್ನ ಮೊದಲ ಬಾರಿಗೆ, ಬಾಣಂತಿಯ ಮುಖವನ್ನು ಸರಿಯಾಗಿ ನೋಡಿದಳು. ತುಟಿ ಸುಣ್ಣದಂತಿತ್ತು.

ಅವಳು ಕಂಬಳಿಯನ್ನು ಅಂಚು ಹಿಡಿದು ಕಿತ್ತೆಸೆದಳು. ಕಂಬಳಿ ಕಪ್ಪು, ಹಾಗಾಗಿ ಹೊರಗೆ ಏನೂ ಕಂಡಿರಲಿಲ್ಲ. ಒಳಗೆ ಹಾಸಿಗೆ ಸೊಂಟದಿಂದ ಹಿಮ್ಮಡಿಯ ತನಕ ರಕ್ತದಲ್ಲಿ ನೆನೆದಿತ್ತು. ಬಾಯಾರಿಕೆಗೂ ಆಕಳಿಕೆಗೂ ಅವಳು ಓದಿದ್ದ ಕಾರಣಗಳಲ್ಲಿ ಇದೂ ಒಂದು.

"ಅಯ್ಯೋ ನಮ್ಮವ್ವಾ," ಎಂದಳು ಅತ್ತೆ. ಅವಳ ಕೈಯಿಂದ ಫ್ಲಾಸ್ಕ್ ಜಾರಿತು.

ನರ್ಸ್ ಹೊಟ್ಟೆಗೆ ಬಿಗಿದ ಸೀರೆಯನ್ನು ಕತ್ತರಿಸಿದಳು. ಅಂಗೈಯನ್ನು ಹೊಕ್ಕುಳ ಕೆಳಗೆ ಊರಿದಳು. ಹೆರಿಗೆಯಾದ ಮೇಲೆ ಅಲ್ಲಿ ಗರ್ಭಕೋಶ ತೆಂಗಿನಕಾಯಿಯ ಹಾಗೆ ಗಟ್ಟಿಯಾಗಿ ಕೈಗೆ ಸಿಗಬೇಕು. ಕಲಸಿಟ್ಟ ಹಿಟ್ಟಿನ ಹಾಗೆ ಮೆತ್ತಗಿತ್ತು. ಅವಳು ಡಾಕ್ಟರನ್ನು ಕರೆಯಿರಿ ಎಂದು ಕೂಗಿದಳು. ಇಂಜೆಕ್ಷನ್ನಿನವಳನ್ನು ಕೂಗಿದಳು, ಕೂಸಿನವಳನ್ನು ಕೂಗಿದಳು. ಆ ವಾರ್ಡಿನಲ್ಲಿ ಯಾರೂ ಬೇರೆ ಕೆಲಸದವರನ್ನು ಹಾಗೆ ಕೂಗಿದ್ದಿಲ್ಲ. ಗರ್ಭಕೋಶ ಗಟ್ಟಿಯಾಗಿ ರಕ್ತ ನಿಲ್ಲಲೆಂದು ಒಂದು ಕೈ ಹೊಟ್ಟೆಯ ಮೇಲೆ ಒತ್ತಿ ತಿಕ್ಕುತ್ತ, ಬಾಣಂತಿಯ ಕಾಲಿನ ಕಡೆ ಮಂಚವನ್ನು ಎತ್ತಿ ಗೋಡೆಯ ಬದಿಯಲ್ಲಿದ್ದ ಇಟ್ಟಿಗೆ ಇಡುವಂತೆ ಇನ್ನೊಂದು ಕೈಯಿಂದ ಅತ್ತೆಗೆ ಸನ್ನೆ ಮಾಡಿದಳು. ಅತ್ತೆ ಮಂಚ ಎತ್ತಿದಳು.

"ಮಲಗಬೇಡ. ನನ್ನ ಕಡೆ ನೋಡು. ಇಲ್ಲಿ, ಇಲ್ಲಿ ನೋಡು," ಎಂದಳು ನರ್ಸ್.

ಬಾಣಂತಿಯ ಕಣ್ಣು ತೆರೆದಿತ್ತು. ಎಲ್ಲಿ ನೋಡುತ್ತಿದೆ ಎಂದು ಹೇಳುವಂತಿರಲಿಲ್ಲ. ಅಂಗೈಯ ಅಡಿಯಲ್ಲಿ ಗರ್ಭಕೋಶ ಇನ್ನೂ ಮೆತ್ತಗೇ ಇತ್ತು. ಕಾರಿಡಾರಿನಲ್ಲಿ ಯಾರೋ ಓಡಿ ಬರುತ್ತಿದ್ದ ಸದ್ದು ಕೇಳಿಸಿತು. ಅವಳು ತಿಕ್ಕುತ್ತಲೇ ಇದ್ದಳು.

ಇಷ್ಟು ಹೇಳಿ ಜೆಸಿಂತಾ ಮೇಡಂ ಕನ್ನಡಕವನ್ನು ಮತ್ತೆ ಹಾಕಿಕೊಂಡರು.

ಶಿಲ್ಪಶ್ರೀ ಕಾದಳು. ಕತೆ ಮುಂದುವರಿಯಲಿಲ್ಲ. ಅವಳು ಜಾಣೆ, ಹೊಳೆಯಲು ಹೊತ್ತಾಗಲಿಲ್ಲ.

"ಗೊತ್ತಾಯಿತು ಮೇಡಂ," ಎಂದಳು. "ಅವಳು ತಿಳಿಹೇಳುವ ಪಾತ್ರವನ್ನು ಮೊದಲು ತೆಗೆದುಕೊಂಡಳು, ಆರೈಕೆಯ ಪಾತ್ರ ಕೊನೆಗೆ ಬಂತು. ಕ್ರಮ ತಪ್ಪಿತು. ಹಾಗಾದರೆ ಆರೈಕೆಯೇ ಮೊದಲನೆಯದು, ಅಲ್ಲವೇ?"

"ಆ ತಾಯಿ ಉಳಿದಳೋ ಇಲ್ಲವೋ ಅಂತ ನೀನು ಇನ್ನೂ ಕೇಳಲಿಲ್ಲ," ಎಂದರು ಮೇಡಂ.