ಚೀಲದ ತಳ

"ಅಜ್ಜಾರ, ಪ್ರಶ್ನೆ ಮೊದಲ ತಿಳಿಸಿ ಪರೀಕ್ಷೆ ಮಾಡೋರನ್ನ ನಂಬಬಹುದೇನ್ರಿ?" ಎಂದು ದಾಕ್ಷಾಯಿಣಿ ಮಠದ ಗುರುಗಳನ್ನು ಕೇಳಿದಳು.

ಮರುದಿನ ಅವಳಿಗೆ ಎಂಬಿಎ ಸೇರಲು ಸಂದರ್ಶನವಿತ್ತು. ಕಾಲೇಜಿನವರು ಐದು ಪ್ರಶ್ನೆಗಳನ್ನು ಹದಿನೈದು ದಿನ ಮೊದಲೇ ಕಳಿಸಿದ್ದರು. ನಿಮ್ಮ ದೊಡ್ಡ ಸೋಲು ಯಾವುದು ಎಂಬುದು ಅವುಗಳಲ್ಲೊಂದು. ಅವಳು ಐದಕ್ಕೂ ಉತ್ತರ ಬರೆದು ಬಾಯಿಪಾಠ ಮಾಡಿದ್ದಳು. ಆದರೂ ಇದರ ಹಿಂದೆ ಏನೋ ಇದೆ ಎಂಬ ಗುಮಾನಿ ಹೋಗಿರಲಿಲ್ಲ. ಮಡಚಿದ ಹಾಳೆ ಕೈಯಲ್ಲೇ ಇತ್ತು.

ಗುರುಗಳು ಹಾಳೆಯನ್ನು ನೋಡಿದರು. ಆಮೇಲೆ ಕತೆ ಹೇಳಿದರು.

ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದ. ಯಾರನ್ನೂ ನಂಬುವವನಲ್ಲ. ಮಾರುವವರು ಚೀಲದ ಬಾಯಿಗೆ ಒಳ್ಳೆಯ ಕಾಯಿ ಇಡುತ್ತಾರೆಂದು ಮೊಣಕೈವರೆಗೆ ಕೈ ಹಾಕಿ ತೆಗೆದು ನೋಡುತ್ತಿದ್ದ. ಅವರು ಮೊಣಕೈ ಆಳದವರೆಗೂ ಒಳ್ಳೆಯದನ್ನೇ ತುಂಬಲು ಕಲಿತರು. ಆಮೇಲೆ ಅವನು ಚೀಲವನ್ನೇ ಬೋರಲು ಸುರಿಸತೊಡಗಿದ. ತಳದಲ್ಲಿ, ತೂಕ ಹೆಚ್ಚಲೆಂದು ನೀರು ಚಿಮುಕಿಸಿದ ಕಾಯಿ ಸಿಗುತ್ತಿತ್ತು. ಮಾರುವವರು ಕೆಟ್ಟವರೆಂದಲ್ಲ. ಕೈ ಎಲ್ಲಿಯವರೆಗೆ ಬರುತ್ತದೆಂದು ಗೊತ್ತಾದರೆ ಯಾರಾದರೂ ಅಲ್ಲಿಯವರೆಗೆ ಒಳ್ಳೆಯದನ್ನೇ ಇಡುತ್ತಾರೆ.

ವಯಸ್ಸಾಗಿ ಅವನ ಕಣ್ಣು ಮಂಜಾಯಿತು. ತನ್ನ ಬದಲು ಖರೀದಿ ಮಾಡಲು ಒಬ್ಬ ಬೇಕಾದ. "ನೀವು ಮೋಸಹೋಗಿ ಕೊಂಡ ಚೀಲ ಯಾವುದು? ಕೇಳುವುದು ಇದೊಂದನ್ನೇ. ಯೋಚಿಸಿಕೊಂಡು ಬನ್ನಿ" ಎಂದು ಪೇಟೆಯಲ್ಲಿ ಹೇಳಿಸಿದ.

ಅಲ್ಲಿ ಒಬ್ಬ ಬಡ ದಲಾಲಿ ಇದ್ದ. ಆ ಕೆಲಸ ಸಿಕ್ಕರೆ ಊರೂರು ಅಲೆಯುವುದು ತಪ್ಪಿ, ಹೆಂಡತಿ ಮಕ್ಕಳೊಡನೆ ಒಂದು ಕಡೆ ನಿಲ್ಲಬಹುದಿತ್ತು. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡ. ಎರಡು ದಿನ ವ್ಯಾಪಾರಿಯ ಬಾಗಿಲಲ್ಲಿ ನಿಂತು, ಹೊರಗೆ ಬಂದವರನ್ನೆಲ್ಲ ಏನು ಕೇಳಿದರೆಂದು ವಿಚಾರಿಸಿದ. ಅದೇ ಪ್ರಶ್ನೆ ಎಂದರು. ಇವರೂ ಅವನ ಜೊತೆ ಸೇರಿದ್ದಾರೆ ಎಂದುಕೊಂಡ. ಅನುಮಾನಕ್ಕೆ ಮದ್ದುಂಟೇ?

ಅವನು ಮೋಸಹೋದದ್ದು ನಿಜಕ್ಕೂ ಒಂದೇ ಸಲ, ಹೆಣ್ಣು ಕೊಟ್ಟ ಮಾವನಿಂದ. ನೆಂಟರ ಚೀಲ ಸುರಿಸಿ ನೋಡುವುದು ಮರ್ಯಾದೆಯಲ್ಲವೆಂದು ಹಾಗೆಯೇ ಕೊಂಡಿದ್ದ. ಅದನ್ನು ಹೇಳಿದರೆ ದಡ್ಡನೆನ್ನುತ್ತಾರೆಂದು ಹೆದರಿದ. ಗುರುತಿಲ್ಲದ ಒಬ್ಬ ರೈತ, ಜಿಟಿಜಿಟಿ ಮಳೆ, ಅವಸರದ ಖರೀದಿ ಎಂದು ಬೇರೆ ಕತೆ ಕಟ್ಟಿದ. ಎಲ್ಲಿ ನಿಟ್ಟುಸಿರು ಬಿಡಬೇಕೆಂಬುದನ್ನೂ ಕಲಿತ.

ವ್ಯಾಪಾರಿ ಅದೇ ಪ್ರಶ್ನೆ ಕೇಳಿದ. ದಲಾಲಿ ಎಲ್ಲೂ ತಡವರಿಸದೆ ಹೇಳಿ ಮುಗಿಸಿದ.

"ಚಲೋ ಹೇಳಿದಿ. ಈಗ ತಳದಿಂದ ಹೇಳು. ಆ ಕಾಯಿ ಕಡೀಕ ಏನ್ ಮಾಡಿದಿ?" ಎಂದ ವ್ಯಾಪಾರಿ.

ಇಲ್ಲದ ಚೀಲಕ್ಕೆ ತಳ ಎಲ್ಲಿಂದ ಬರಬೇಕು? ಮಾರಿದೆ ಎಂದ. ಅಲ್ಲ, ಒಣಗಿಸಿದೆ ಎಂದ. ಮಾವನ ಕಾಯಿಯ ಬಗ್ಗೆ ಕೇಳಿದ್ದರೆ ಅವನಿಗೆ ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. ಹೆಂಡತಿ ತನ್ನ ತವರಿನ ಕಾಯಿಯನ್ನು ಮಾಳಿಗೆಯ ಮೇಲೆ ಹರವಿಕೊಂಡು, ಮೂರು ದಿನ ಯಾರೊಡನೆಯೂ ಮಾತಾಡದೆ ಕೊಳೆತದ್ದನ್ನು ಆರಿಸಿದ್ದಳು. ಪಾಪ, ಅದನ್ನು ಈಗ ಹೇಳುವಂತಿರಲಿಲ್ಲ.

"ನಿಮ್ಮ ಮಾವನ ಚೀಲದ ಸುದ್ದಿ ಪ್ಯಾಟಿಗೆಲ್ಲ ಗೊತ್ತೈತಿ. ನೆಂಟರ ಚೀಲಕ್ಕ ನಾಚಿ ಕೆಟ್ಟಾಂವ ಇನ್ನ ಯಾರ ಚೀಲಾನೂ ಹಂಗ ಬಿಡೂದಿಲ್ಲ. ಕೆಲಸ ನಿನಗ ಅಂತ ಇಟ್ಟಿದ್ದೆ. ನಿನ್ನ ಬಾಯಿಂದ ಅದನ್ನ ಕೇಳಬೇಕಾಗಿತ್ತು, ಅಷ್ಟ" ಎಂದ ವ್ಯಾಪಾರಿ. ಮತ್ತೊಬ್ಬನನ್ನು ಒಳಗೆ ಕರೆದ.

ಗುರುಗಳು ಕತೆ ನಿಲ್ಲಿಸಿದರು.

"ಹಂಗಾರ ಆ ಪ್ರಶ್ನೆದಾಗ ಮೋಸ ಇರಲಿಲ್ಲೇನ್ರಿ?" ಎಂದಳು ದಾಕ್ಷಾಯಿಣಿ.

"ಪ್ರಶ್ನೆ ಇರಲಿ ತಂಗಿ, ನಿನ್ನ ಹಾಳ್ಯಾಗ ಬರೆದ ಸೋಲು ಯಾರದು?"

ದಾಕ್ಷಾಯಿಣಿ ಹಾಳೆ ಬಿಚ್ಚಿ, ಆ ಉತ್ತರದ ಮೇಲೆ ಉದ್ದಕ್ಕೆ ಗೀಟು ಎಳೆದಳು.